ಅಭಿಜಿನ್ ಲಗ್ನದ ಬೀದಿದೀಪ

ಒಳ್ಳೆಯ ಕೆಲಸ ಯಾವುದೇ ಆಗಲಿ, ಮಟಮಟ ಮಧ್ಯಾಹ್ನವೇ ಆಗಬೇಕು ಎಂಬುದು ಹಿರಿಯೂರಿನ ಕೊಬ್ಬರಿ ವ್ಯಾಪಾರಿ ನಾಗರಾಜಪ್ಪನವರ ನಂಬಿಕೆ. ಅವರ ಮದುವೆ ಆದದ್ದು ಅಭಿಜಿನ್ ಲಗ್ನದಲ್ಲಿ. ಅಂಗಡಿಯ ಪೂಜೆ ಆದದ್ದು ಅಭಿಜಿನ್ ಲಗ್ನದಲ್ಲಿ. ತೋಟದಲ್ಲಿ ಬೋರ್ ಕೊರೆಸಿದ್ದೂ ಅದೇ ಲಗ್ನದಲ್ಲಿ. ನೀರು ಬೀಳಲಿಲ್ಲ, ಆದರೆ ಅದು ನೆಲದ ತಪ್ಪೇ ಹೊರತು ಲಗ್ನದ್ದಲ್ಲ. ಸೂರ್ಯ ನೆತ್ತಿಯ ಮೇಲಿರುವಾಗ ಯಾವ ದೋಷವೂ ತಟ್ಟುವುದಿಲ್ಲವೆಂದು ಅವರ ಜೋಯಿಸರು ಹೇಳಿದ್ದರು. ಮೇಲಾಗಿ, ಕೆಲಸ ಮುಗಿದ ಕೂಡಲೇ ಎಲೆ ಹಾಕಬಹುದು.

ಹಾಗಾಗಿ, ತೀರಿಹೋದ ತಾಯಿಯ ನೆನಪಿಗೆ ಹುಟ್ಟೂರು ಬಿಳಿಜಾಲಿಹಟ್ಟಿಯ ಬಸ್ ಸ್ಟಾಪಿನಲ್ಲಿ ಒಂದು ಸೋಲಾರ್ ದೀಪದ ಕಂಬ ನಿಲ್ಲಿಸುತ್ತೇನೆಂದು ಅವರು ಹೇಳಿದಾಗ, ಮುಹೂರ್ತ ಯಾವುದೆಂದು ಯಾರೂ ಕೇಳಲಿಲ್ಲ. ಸಂಕ್ರಾಂತಿ ಕಳೆದ ಭಾನುವಾರ, ಅಭಿಜಿನ್ ಲಗ್ನ, ಆಮೇಲೆ ಹೋಳಿಗೆ ಊಟ. ಬೀದಿದೀಪವನ್ನು ನಡುಮಧ್ಯಾಹ್ನ ಹತ್ತಿಸುವುದರಲ್ಲಿ ವಿಶೇಷವೇನಾದರೂ ಇದೆಯೆಂದು ಊರಿನಲ್ಲಿ ಯಾರಿಗೂ ಅನ್ನಿಸಲಿಲ್ಲ. ಹೋಳಿಗೆ ಎಂಬ ಮಾತು ಬಂದ ಮೇಲೆ ಅದರ ಹಿಂದುಮುಂದಿನದನ್ನು ಯೋಚಿಸುವ ಪದ್ಧತಿ ನಮ್ಮ ಕಡೆ ಇಲ್ಲ.

ಕಂಬ ನಿಲ್ಲಿಸುವ ಕೆಲಸ ಗಿರೀಶನ ಪಾಲಿಗೆ ಬಂತು. ಗಿರೀಶ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವವನು. ಕರೆಂಟಿನ ಒಂದು ಕೆಲಸ ಗೊತ್ತಿದ್ದವನಿಗೆ ಎಲ್ಲವೂ ಗೊತ್ತಿರಬೇಕೆಂಬುದು ಊರಿನ ತೀರ್ಮಾನ. ಆದ್ದರಿಂದ ಮಿಕ್ಸಿ, ಟಿ.ವಿ., ಗುಡಿಯಲ್ಲಿ ತಾನಾಗಿ ನಗಾರಿ ಬಾರಿಸುವ ಯಂತ್ರ, ಒಮ್ಮೆ ಯಾರದೋ ಕಿವಿಯ ಮಿಷನ್ನು ಕೂಡ ಅವನ ಮುಂದೆ ಬಂದಿದ್ದವು. ಇಲ್ಲ ಎನ್ನಲು ಬಾರದ ಹುಡುಗ. ಸೋಲಾರ್ ಬೀದಿದೀಪವನ್ನು ಅವನು ಹೈವೇ ಬಸ್ಸಿನ ಕಿಟಕಿಯಿಂದ ನೋಡಿದ್ದ, ಅಷ್ಟೆ. ಆದರೂ ಒಪ್ಪಿಕೊಳ್ಳಲು ಒಂದು ಕಾರಣವಿತ್ತು. ಕಾರಣದ ಹೆಸರು ರಂಜಿತಾ.

ರಂಜಿತಾ ಪಕ್ಕದ ಊರಿನ ಚಿತ್ತಪ್ಪನ ಮಗಳು. ಹಿರಿಯೂರಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ಅವಳು ಬಸ್ಸು ಬದಲಿಸುವುದು ಬಿಳಿಜಾಲಿಹಟ್ಟಿಯಲ್ಲಿ, ಅಲ್ಲಿಂದ ಇಬ್ಬರಿಗೂ ಒಂದೇ ಬಸ್ಸು, ಒಂದೇ ಸ್ಟಾಪು. ಇಬ್ಬರೂ ಒಪ್ಪಿದ್ದರು, ಗಿರೀಶನ ತಾಯಿ ಪಾಲಮ್ಮ ಒಪ್ಪಿದ್ದಳು, ಜಾತಕವೂ ಒಪ್ಪಿತ್ತು. ಒಪ್ಪದೆ ಉಳಿದವನು ಚಿತ್ತಪ್ಪ ಒಬ್ಬನೇ. ಅವನ ತೋಟದ ಮೋಟರನ್ನು ಗಿರೀಶ ಹಿಂದೊಮ್ಮೆ ರಿಪೇರಿ ಮಾಡಿಕೊಟ್ಟಿದ್ದ. ಅದು ಉಲ್ಟಾ ತಿರುಗಿ, ಬೆಳಗಿನವರೆಗೂ ಗುಂಯ್‌ಗುಟ್ಟಿ, ಹನಿ ನೀರನ್ನೂ ಎತ್ತಿರಲಿಲ್ಲ. ಅಷ್ಟರಲ್ಲಿ ಹೊಳಲ್ಕೆರೆಯಿಂದ ಹಾರ್ಡ್‌ವೇರ್ ಅಂಗಡಿಯ ಹುಡುಗನೊಬ್ಬನ ಕಡೆಯವರು ಕೇಳಿಕೊಂಡು ಬಂದಿದ್ದರು. ಪಾಲಮ್ಮ ಬಿಡದೆ ಹಿಂದೆ ಬಿದ್ದ ಮೇಲೆ ಚಿತ್ತಪ್ಪ ಒಂದು ಮಾತು ಕೊಟ್ಟ.

“ನಿನ್ನ ಮಗ ನಿಲ್ಸೋ ಕಂಬದಾಗೆ ದೀಪ ಹತ್ತಿದ್ದು ಕಣ್ಣಾರೆ ನೋಡ್ತೀನಿ ತಂಗಿ. ಹತ್ತಿದ್ರೆ ಅವತ್ತೇ ಎಲೆ ಅಡಿಕೆ ಬದಲಾಯಿಸ್ಕಳಾಣ. ಹತ್ತದಿದ್ರೆ ಹೊಳಲ್ಕೆರೆಯೋರಿಗೆ ಬರ್ರಿ ಅಂತ ಹೇಳಾದೆ.”

ಚಿತ್ತಪ್ಪನಿಗೆ ಕಣ್ಣಿನ ಪೊರೆ ತೆಗೆದು ತಿಂಗಳಾಗಿತ್ತಷ್ಟೆ. ಹೊಸ ದೃಷ್ಟಿ ಬಂದ ಮೇಲೆ ಅವನು ಜಗತ್ತಿನ ಕುಂದುಗಳನ್ನು ಒಂದೊಂದಾಗಿ ಪತ್ತೆ ಹಚ್ಚುತ್ತಿದ್ದ.

ಭಾನುವಾರ ಬೆಳಿಗ್ಗೆ ನಾಗರಾಜಪ್ಪನವರು ದೀಪದ ಪೆಟ್ಟಿಗೆಯನ್ನು ಮದುಮಗಳಂತೆ ತೊಡೆಯ ಮೇಲೆ ಕೂರಿಸಿಕೊಂಡು ಕಾರಿನಲ್ಲಿ ಬಂದಿಳಿದರು. ಮನೆಯ ದೇವರ ಮುಂದೆ ಇಟ್ಟು ಪೂಜೆ ಮಾಡಿಸಿದ್ದರಿಂದ ಅದು ಅಲ್ಲಿಯವರೆಗೆ ಗಿರೀಶನ ಕೈಗೆ ಸಿಕ್ಕಿರಲಿಲ್ಲ. ಬಿಚ್ಚಿದರೆ ರೊಟ್ಟಿ ಹಂಚಿನಷ್ಟು ಅಗಲದ, ಚಪ್ಪಟೆಯಾದ ಒಂದು ವಸ್ತು. ಬೆನ್ನಿನ ಮೇಲೆ ಬಿಸಿಲು ಕುಡಿಯುವ ಹಲಗೆ, ಹೊಟ್ಟೆಯ ಕೆಳಗೆ ದೀಪ, ಒಳಗೆ ಬ್ಯಾಟರಿ. ಗಿರೀಶ ಏಣಿ ಹತ್ತಿ ಅದನ್ನು ಕಂಬದ ತುದಿಗೆ ಬಿಗಿದ. ಫೋಟೋದಲ್ಲಿ ಬೆರಳು ಇಡಲು ಜಾಗ ಬೇಕೆಂದು ನಾಗರಾಜಪ್ಪನವರು ಕೇಳಿದ್ದರಿಂದ ಒಂದು ತಂತಿ ಎಳೆದು, ಕಂಬದ ಬುಡಕ್ಕೆ ಸ್ವಿಚ್ಚನ್ನೂ ಇಳಿಸಿದ. ಆಮೇಲೆ, ಯಾವ ಕೆಲಸಗಾರನಾದರೂ ಹೇಳುವ ಮಾತನ್ನು ಹೇಳಿದ.

“ಒಂದ್ಸಲ ಹತ್ತಿಸಿ ನೋಡ್ಬಿಡ್ತೀನಿ ಅಣ್ಣಾರೆ.”

ನಾಗರಾಜಪ್ಪನವರ ಮುಖ ಕಪ್ಪಿಟ್ಟಿತು. “ಲೇ, ನೀನು ಹತ್ತಿಸಿದ ದೀಪಾನ ನಾನು ಮತ್ತೆ ನಮ್ಮವ್ವಗೆ ಹೆಂಗಲೇ ಹತ್ತಿಸ್ಲಿ? ಎಂಜಲಾಗಲ್ವಾ?”

ಎಂಜಲು ಎಂದ ಮೇಲೆ ಮುಗಿಯಿತು. ನೈವೇದ್ಯಕ್ಕೆ ಇಡುವ ಪಾಯಸವನ್ನು ರುಚಿ ನೋಡಬಾರದೆಂಬುದು ಗಿರೀಶನಿಗೂ ಗೊತ್ತಿತ್ತು. ಅವನು ಸ್ವಿಚ್ಚಿನಿಂದ ಕೈ ತೆಗೆದು, ಕಂಬಕ್ಕೆ ಚೆಂಡುಹೂವಿನ ಹಾರ ಸುತ್ತಿ ಪಕ್ಕಕ್ಕೆ ಸರಿದ.

ಸೂರ್ಯ ನೆತ್ತಿಗೆ ಬಂದ. ಊರೆಲ್ಲ ಹುಣಸೆಮರದ ಕೆಳಗೆ ಸೇರಿತು. ಪ್ರೈಮರಿ ಶಾಲೆಯ ದಾಕ್ಷಾಯಿಣಿ ಟೀಚರ್ ಮೈಕಿನ ಮುಂದೆ ನಿಂತು, ಬೆಳಕು ಜ್ಞಾನದ ಸಂಕೇತವೆಂದೂ, ಕತ್ತಲನ್ನು ಓಡಿಸುವ ಈ ದೀಪ ನಮ್ಮೆಲ್ಲರ ಬಾಳಿಗೆ ದಾರಿಯೆಂದೂ ಹಣೆಯ ಬೆವರು ಒರೆಸಿಕೊಳ್ಳುತ್ತ ಹೇಳಿದರು. ಜೋಯಿಸರು ತಲೆಯಾಡಿಸಿದ ಕೂಡಲೇ ನಾಗರಾಜಪ್ಪನವರು “ಅವ್ವಾ” ಎಂದು ಸ್ವಿಚ್ಚು ಒತ್ತಿದರು. ಟಕ್ ಎಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ದೀಪ ಹಚ್ಚಿದಾಗ ಕೈ ಮುಗಿಯುವ ನಮ್ಮ ರೂಢಿಯಂತೆ ಮೇಲೆ ನೋಡಿ, ಬಿಸಿಲಿಗೆ ಕಣ್ಣು ಮುಚ್ಚಿ, ಕೈ ಮುಗಿದರು. ಟೀಚರು ದೀಪ ಬೆಳಗಿತು ಎಂದು ಸಾರಿದರು. ಅಡುಗೆಯವರು ಎಲೆ ಹಾಸಲು ಎದ್ದರು.

ಆಗ ಚಿತ್ತಪ್ಪ ಹಣೆಗೆ ಅಂಗೈ ಅಡ್ಡ ಹಿಡಿದು, ಹೊಸ ಕಣ್ಣನ್ನು ಕಿರಿದು ಮಾಡಿ, ನಿಧಾನವಾಗಿ ಹೇಳಿದ.

“ಹತ್ತಿಲ್ಲ ಕಣ್ರಪ್ಪ.”

ಹತ್ತಿದೆ, ಬಿಸಿಲಿಗೆ ಕಾಣುವುದಿಲ್ಲ ಎಂದು ಕೆಲವರು ವಾದಿಸಿದರು. ಹೋಳಿಗೆಯ ವಾಸನೆ ಬಂದವರೆಲ್ಲ ಆ ಪಕ್ಷ ಸೇರಿದರು. ಆದರೆ ನಾಗರಾಜಪ್ಪನವರು ತಾವೂ ನೋಡಿದರು, ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು. ಹತ್ತಿರಲಿಲ್ಲ. ತಾಯಿಯ ದೀಪ ಹತ್ತದೆ ಈ ಊರಿನಲ್ಲಿ ಎಲೆ ಬೀಳುವುದಿಲ್ಲ ಎಂದು ಅವರು ಕುರ್ಚಿಯಲ್ಲಿ ಕುಳಿತುಬಿಟ್ಟರು. ಇಡೀ ಊರು ಗಿರೀಶನ ಕಡೆ ತಿರುಗಿತು. ಹೆಂಗಸರ ಸಾಲಿನಲ್ಲಿ ರಂಜಿತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು.

ಗಿರೀಶ ಏಣಿ ಹತ್ತಿದ. ತಂತಿ ಸರಿಯಾಗಿತ್ತು. ಸ್ವಿಚ್ಚು ಸರಿಯಾಗಿತ್ತು. ತಪ್ಪು ಸಿಗದಿರುವುದು ತಪ್ಪು ಸಿಗುವುದಕ್ಕಿಂತ ಕಷ್ಟ. ಬೈಯಲು ಏನೂ ಇರುವುದಿಲ್ಲ.

ಮೊದಲ ಸಲಹೆ ಮಾರಪ್ಪನಿಂದ ಬಂತು. ಮಾರಪ್ಪನದು ಹಿಟ್ಟಿನ ಗಿರಣಿ. ಅವನ ಗಿರಣಿಗೆ ತ್ರೀ ಫೇಸ್ ಇದ್ದುದರಿಂದ ಕರೆಂಟಿನ ವಿಷಯದಲ್ಲಿ ಅವನ ಮಾತಿಗೆ ಮೂರು ಪಟ್ಟು ತೂಕ. “ಅರ್ಥಿಂಗ್ ಒಣಗೈತೆ,” ಎಂದ. ಈ ದೀಪಕ್ಕೆ ನೆಲದ ಸಂಬಂಧವೇ ಇಲ್ಲವೆಂದು ಗಿರೀಶ ಮೇಲಿನಿಂದ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಕಂಬದ ಬುಡದಲ್ಲಿ ಗುಂಡಿ ತೋಡಿದರು, ಅಡುಗೆಯವರ ಉಪ್ಪು ಸುರಿದರು, ಕೊಡ ಕೊಡ ನೀರು ಹೊಯ್ದರು. ಎಮ್ಮೆ ಮಲಗಬಹುದಾದಷ್ಟು ಕೆಸರಾಯಿತು. ದೀಪ ಹತ್ತಲಿಲ್ಲ.

ದೀಪ ತೆಂಕಣಕ್ಕೆ ಮುಖ ಮಾಡಿದೆ, ಅದಕ್ಕೇ ಹೀಗೆ ಎಂದರು ಜೋಯಿಸರು. ಗಿರೀಶ ನಟ್ಟು ಸಡಿಲಿಸಿ ಅದನ್ನು ಮೂಡಣಕ್ಕೆ ತಿರುಗಿಸಿದ. ಯಾರೋ ಮೆಣಸಿನಕಾಯಿ ನಿವಾಳಿಸಿ ಕೆಳಗೆ ಸುಟ್ಟರು. ಘಾಟು ಏಣಿಯ ತುದಿಯವರೆಗೂ ಏರಿ, ಗಿರೀಶ ಕೆಮ್ಮಿದ್ದೊಂದೇ ಫಲ. ಬಸ್ ಸ್ಟಾಪಿನ ಹೋಟೆಲಿನ ಪುಟ್ಟಕ್ಕ ಮಾತ್ರ ಯಾವ ಸಲಹೆಯನ್ನೂ ಕೊಡದೆ, ಒಂದು ಲೋಟ ಮಜ್ಜಿಗೆಯನ್ನು ಏಣಿಯ ಮೇಲೆ ಕೈಯಿಂದ ಕೈಗೆ ದಾಟಿಸಿ ಕಳಿಸಿದಳು. ಆ ದಿನ ಊರಿನಲ್ಲಿ ನಡೆದ ದುರಸ್ತಿ ಕೆಲಸಗಳಲ್ಲಿ ಅದೊಂದೇ ಉಪಯೋಗಕ್ಕೆ ಬಂದದ್ದು.

ಆಮೇಲೆ ವಿಜ್ಞಾನದ ಸರದಿ. ಸೌರಶಕ್ತಿ ಸಾಲುತ್ತಿಲ್ಲ, ಹಲಗೆಗೆ ಇನ್ನೂ ಬೆಳಕು ಬೇಕು ಎಂದು ದಾಕ್ಷಾಯಿಣಿ ಟೀಚರ್ ಮೈಕಿನಲ್ಲಿ ವಿವರಿಸಿದರು. ಬಡಿಸಲು ತಂದ ಸ್ಟೀಲ್ ತಟ್ಟೆಗಳು ಹೇಗೂ ಖಾಲಿ ಕುಳಿತಿದ್ದವು. ಹೆಂಗಸರು ಒಂದೊಂದು ತಟ್ಟೆ ಹಿಡಿದು ಬಿಸಿಲನ್ನು ದೀಪದ ಕಡೆ ತಿರುಗಿಸಿದರು. ಕ್ಷೌರದಂಗಡಿಯ ಕನ್ನಡಿ ಬಂತು, ಬೀರುವಿನ ಬಾಗಿಲು ಬಂತು. ಒಂದು ದೀಪಕ್ಕೆ ಬೆಳಕು ಕೊಡಲು ಊರಿಗೆ ಊರೇ ನಿಂತಿತು. ಬೇಡವೆಂದು ಗಿರೀಶ ಕೈಯಾಡಿಸಿದರೆ, ಸರಿಯಾಗಿ ಬೀಳುತ್ತಿಲ್ಲವೆಂದು ತಿಳಿದು ಇನ್ನಷ್ಟು ಗುರಿ ಹಿಡಿದರು. ಒಂದು ತಟ್ಟೆಯ ಬೆಳಕು ಮಾತ್ರ ದೀಪವನ್ನು ಬಿಟ್ಟು ಪದೇ ಪದೇ ಅವನ ಕೆನ್ನೆಯ ಮೇಲೆ ಬೀಳುತ್ತಿತ್ತು. ಅದು ರಂಜಿತಾಳ ತಟ್ಟೆ. ಚಿತ್ತಪ್ಪನ ಹೊಸ ಕಣ್ಣು ಅದನ್ನೂ ಗಮನಿಸಿತು.

“ತಟ್ಟೆ ಕೆಳಗಿಡವ್ವ,” ಎಂದ. “ಹೊಳಲ್ಕೆರೆ ಹುಡುಗನ ಅಂಗಡಿಯಾಗೆ ಬಲ್ಬು ತರಾವರಿ ಅವೆ. ಎಲ್ಲಾ ಹತ್ತುತಾವೆ.”

ಹುಣಸೆಮರದ ಬುಡದಲ್ಲಿ ಕುಳಿತಿದ್ದ ಗಿರೀಶನ ತಾತ ಜುಂಜಯ್ಯ ಇಷ್ಟು ಹೊತ್ತೂ ಸುಮ್ಮನೆ ಮೊಮ್ಮಗನನ್ನೇ ನೋಡುತ್ತಿದ್ದ. ಜೀವಮಾನವೆಲ್ಲ ಕುರಿ ಕಾಯ್ದವನು. ಮಳೆಗಾಲ, ಬೇಸಿಗೆ ಎನ್ನದೆ ಹೆಗಲ ಮೇಲೆ ಒಂದು ಕರಿ ಕಂಬಳಿ. ದೀಪದ ಬಗ್ಗೆ ಅವನಿಗೆ ಏನೂ ತಿಳಿಯದು. ಹುಡುಗನ ಮುಖ ಬಿಸಿಲಿಗೆ ಸುಟ್ಟ ಬದನೆಕಾಯಿ ಆಗಿದ್ದು ಮಾತ್ರ ಕಾಣಿಸಿತು. ಎದ್ದು ಬಂದು, ಸೊಪ್ಪು ಎಳೆಯುವ ದೋಟಿಯ ತುದಿಗೆ ಕಂಬಳಿ ಸಿಕ್ಕಿಸಿ ಮೇಲೆ ಚಾಚಿದ.

“ತಲೆ ಮ್ಯಾಲೆ ಹಾಕ್ಕಳಪ್ಪ. ದೀಪ ಹತ್ತದಿದ್ರೆ ಹೋಗ್ಲಿ, ನೀನು ಸುಟ್ಟು ಹೋಗ್ಬ್ಯಾಡ.”

ಗಿರೀಶ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ. ಅದು ದೊಡ್ಡ ಕಂಬಳಿ. ಅವನನ್ನೂ ದೀಪವನ್ನೂ ಒಟ್ಟಿಗೆ ಮುಚ್ಚಿತು. ಆ ಕ್ಷಣವೇ ಒಳಗೆ ಹುಣ್ಣಿಮೆ ಮೂಡಿದಂತಾಯಿತು.

“ಹತ್ತೈತೆ,” ಎಂದು ಕಿರುಚಿ ಅವನು ಕಂಬಳಿಯನ್ನು ಸರಕ್ಕನೆ ಎಳೆದ. ಎಲ್ಲರೂ ನೋಡಿದರು. ದೀಪ ಆರಿತ್ತು. ಅವನು ಮತ್ತೆ ಹೊದ್ದ, ಹತ್ತಿತು. ತೆಗೆದ, ಆರಿತು. ಕೆಳಗಿನವರಿಗೆ ಕಂಡದ್ದು ಇಷ್ಟು: ಹಸಿದ ಊರಿನ ಮುಂದೆ ಒಬ್ಬ ಹುಡುಗ ಏಣಿಯ ಮೇಲೆ ಕಂಬಳಿ ಹೊದೆಯುವುದು, ಹತ್ತೈತೆ ಎನ್ನುವುದು, ತೆಗೆಯುವುದು, ಪೆಚ್ಚಾಗುವುದು. ಬಿಸಿಲು ನೆತ್ತಿಗೇರಿದೆ ಎಂದು ಪಾಲಮ್ಮ ಕಣ್ಣಿಗೆ ಸೆರಗು ಹಚ್ಚಿದಳು.

ಅಷ್ಟರಲ್ಲಿ ಗಿರೀಶನಿಗೆ ವಿಷಯ ತಿಳಿದಿತ್ತು. ಅವನು ಕೆಳಗಿಳಿದು, ನಾಗರಾಜಪ್ಪನವರ ಮುಂದೆ ಕೈಕಟ್ಟಿ ನಿಂತು ಹೇಳಿದ: “ದೀಪ ಕೆಟ್ಟಿಲ್ಲ ಅಣ್ಣಾರೆ. ಇದು ಕತ್ತಲಾದ್ರೆ ತಾನೇ ಹತ್ತುತ್ತೆ. ಬೆಳಕಿದ್ರೆ ಹತ್ತಂಗಿಲ್ಲ. ಸಂಜೆವರೆಗೂ ಕಾಯ್ರಿ ಸಾಕು.”

ಸಂಜೆ ಅಭಿಜಿನ್ ಲಗ್ನ ಇರುವುದಿಲ್ಲವೆಂದು ಜೋಯಿಸರು ನೆನಪಿಸಿದರು. ಸಂಜೆವರೆಗೆ ಹೋಳಿಗೆಯೂ ಇರುವುದಿಲ್ಲವೆಂದು ಅಡುಗೆಯವರು ಸೇರಿಸಿದರು. ನಾಗರಾಜಪ್ಪನವರು ಮೇಲೆದ್ದರು. ಲಗ್ನ ಇನ್ನೂ ಸ್ವಲ್ಪ ಉಳಿದಿತ್ತು. ಪಂಚೆ ಎತ್ತಿಕಟ್ಟಿ, ತೂಕದ ಮನುಷ್ಯ, ಏಣಿಗೆ ಕಾಲಿಟ್ಟರು. ನಾಲ್ಕಾರು ಜನ ಏಣಿ ಹಿಡಿದರು, ಗಿರೀಶ ಕಂಬವನ್ನೇ ತಬ್ಬಿ ಮೇಲೇರಿ ದೀಪಕ್ಕೆ ಕಂಬಳಿ ಹೊದಿಸಿದ. ನಾಗರಾಜಪ್ಪನವರು ಆ ಕಂಬಳಿಯೊಳಗೆ ತಲೆ ತೂರಿಸಿದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕಣ್ಣು ಒದ್ದೆಯಾಗಿತ್ತು.

“ಉರಿತೈತೆ,” ಎಂದರು. “ನಮ್ಮವ್ವನ ಮುಖ ಕಂಡಂಗಾಯ್ತು.”

ಅಷ್ಟು ಮಾತೇ ಸಾಕಾಯಿತು. ಜೋಯಿಸರು ಮಂಗಳಾರತಿ ತಟ್ಟೆ ಹಚ್ಚಿದರು. ಎಲ್ಲರೂ ಸಾಲಾಗಿ ಬರಬೇಕು, ಹೆಂಗಸರಿಗೆ ಮೊದಲು ಎಂದು ಟೀಚರ್ ಮೈಕಿನಲ್ಲಿ ಕರೆದರು. ಬೀದಿದೀಪದ ದರ್ಶನ ಶುರುವಾಯಿತು. ಒಬ್ಬೊಬ್ಬರೇ ಏಣಿ ಹತ್ತಿ, ಕಂಬಳಿಯೊಳಗೆ ಇಣುಕಿ, ಮೇಲೆ ನಿಂತೇ ಎರಡೂ ಕೈ ಬಿಟ್ಟು ಮುಗಿದು, ಗಿರೀಶನ ಎದೆ ನಡುಗಿಸಿ ಇಳಿದರು. ಅವನು ಕಂಬಕ್ಕೆ ಕಾಲು ಸುತ್ತಿಕೊಂಡು, ಗರ್ಭಗುಡಿಯ ಪರದೆ ಸರಿಸುವ ಪೂಜಾರಿಯಂತೆ ಕಂಬಳಿಯ ಅಂಚು ಎತ್ತಿ ಎತ್ತಿ ತೋರಿಸಿದ. ಕೆಳಗೆ ಪಂಕ್ತಿಯ ಮೇಲೆ ಪಂಕ್ತಿ ಊಟ ನಡೆಯಿತು. ಅರ್ಥಿಂಗ್ ಈಗ ಸರಿಹೋಯಿತು ನೋಡಿದಿರಾ ಎಂದು ಮಾರಪ್ಪ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡ.

ಕೊನೆಗೆ ಚಿತ್ತಪ್ಪ ಹತ್ತಿದ. ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಕಣ್ಣು ಮುಚ್ಚಿ ನೋಡಿದ. ಇಳಿದು ಬಂದು ಪಾಲಮ್ಮನಿಗೆ ಹೇಳಿದ: “ಕಂಬಳಿಯಾಗೆ ನೋಡ್ದೆ. ಸುಳ್ಳು ಹೇಳಬಾರ್ದು, ಹತ್ತೈತೆ. ಆದ್ರೆ ನನ್ನ ಮಗಳು ಕಂಬಳಿಯಾಗೆ ಬಸ್ಸು ಕಾಯಲ್ಲ. ಸಂಜೆ ಬಸ್ಸಿಗೆ ಹೋಗಾವಾಗ ಬೀದಿ ಮ್ಯಾಲೆ ಬೆಳಕು ಬಿದ್ರೆ, ಮಾತು ಮುಗಿದಂಗೆ. ಎಲೆ ಅಡಿಕೆ ರೆಡಿ ಇಟ್ಕಂಡಿರು.”

ಗಿರೀಶನಿಗೆ ಕಂಬದ ಮೇಲೇ ಕುಣಿಯಬೇಕೆನ್ನಿಸಿತು. ಕತ್ತಲಾದರೆ ದೀಪ ಹತ್ತಿಯೇ ಹತ್ತುತ್ತದೆ. ಸೂರ್ಯ ಮುಳುಗುವುದೊಂದೇ ಬಾಕಿ, ಅದಕ್ಕೆ ಯಾರ ರಿಪೇರಿಯೂ ಬೇಕಿರಲಿಲ್ಲ. ಅವನು ಕಂಬಳಿ ತೆಗೆಯಲು ಕೈ ಹಾಕಿದ.

“ತೆಗೀಬ್ಯಾಡ,” ಎಂದರು ನಾಗರಾಜಪ್ಪನವರು ಕಾರು ಹತ್ತುತ್ತಾ. ಲಗ್ನದಲ್ಲಿ ಹಚ್ಚಿದ ದೀಪವನ್ನು ಹಗಲಲ್ಲೇ ಆರಿಸುವುದುಂಟೇ? ಸಂಜೆ ದೀಪ ಹಚ್ಚುವ ಹೊತ್ತಿನವರೆಗೆ ಅದು ಕಂಬಳಿಯೊಳಗೆ ಉರಿಯುತ್ತಲೇ ಇರಬೇಕು. ಆಮೇಲೆ ಕಾಯಿ ಒಡೆದು ತೆಗೆಯಬಹುದು. ಜೋಯಿಸರೂ ಹೌದೆಂದರು, ಊರೂ ಹೌದೆಂದಿತು. ಇಲ್ಲ ಎನ್ನಲು ಬಾರದ ಗಿರೀಶ ಕಂಬಳಿಯನ್ನು ಹಗ್ಗದಿಂದ ಬಿಗಿದು ಕೆಳಗಿಳಿದ. ಊಟ ಮುಗಿದು ಪಾತ್ರೆ ತೊಳೆಯುತ್ತಿದ್ದರು. ಮುತ್ತುಗದೆಲೆಯಲ್ಲಿ ಸುತ್ತಿದ ಎರಡು ಹೋಳಿಗೆಯನ್ನು ಪುಟ್ಟಕ್ಕ ಅವನ ಕೈಗಿಟ್ಟು, ಎತ್ತಿಟ್ಟವಳು ತಾನಲ್ಲ ಎಂದು ರಂಜಿತಾಳ ಕಡೆ ಕಣ್ಣಲ್ಲೇ ತೋರಿಸಿದಳು.

ಸಂಜೆಯಾಯಿತು. ಗುಡ್ಡದ ಹಿಂದೆ ಸೂರ್ಯ ಇಳಿದ. ಜನ ಮತ್ತೆ ಸೇರಿದರು. ಪಾಲಮ್ಮ ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು ಇಟ್ಟುಕೊಂಡು ಹೊಸ ಸೀರೆಯಲ್ಲಿ ನಿಂತಳು. ಚಿತ್ತಪ್ಪ ಮಗಳೊಡನೆ ಸ್ಟಾಪಿನ ಕಲ್ಲಿನ ಮೇಲೆ ಕುಳಿತು ಬಸ್ಸಿನ ದಾರಿ ನೋಡುತ್ತಿದ್ದ. ಚೆನ್ನಾಗಿ ಕತ್ತಲು ಕವಿದ ಮೇಲೆ ಕಾಯಿ ಒಡೆಯಿತು. ಗಿರೀಶ ಕಂಬಳಿ ಎಳೆದ.

ಬೆಳಕು ಬಂತು. ಬೀದಿಯ ಮೇಲೆ, ಪುಟ್ಟಕ್ಕನ ಹೋಟೆಲಿನ ಮೇಲೆ, ರಂಜಿತಾಳ ನಗುವಿನ ಮೇಲೆ ಬಿತ್ತು. ಜನ ಕೈ ಎತ್ತಿದರು. ಎರಡು ಅಂಗೈ ಒಂದಕ್ಕೊಂದು ತಾಗುವಷ್ಟರಲ್ಲಿ ಅದು ಕೆಂಪಾಗಿ, ಹಳೆಯ ಬೀಡಿಯ ತುದಿಯಂತಾಗಿ, ಆರಿಹೋಯಿತು.

ಯಾರೋ ಮೊಬೈಲಿನ ಟಾರ್ಚ್ ಬಿಟ್ಟು, ಹತ್ತಿದೆಯೇ ಎಂದು ನೋಡಿದರು. ಗಿರೀಶ ಕಂಬದ ತುದಿಯಲ್ಲಿ ಕಂಬಳಿ ಹಿಡಿದು ನಿಂತಲ್ಲೇ ಎಲ್ಲವನ್ನೂ ಅರ್ಥಮಾಡಿಕೊಂಡ. ಬಿಸಿಲು ಉಣ್ಣಬೇಕಾದ ಹೊತ್ತಿನಲ್ಲಿ ಪಾಪ, ಆ ದೀಪ ಕಂಬಳಿ ಹೊದ್ದು, ಊರಿಗೆಲ್ಲ ದರ್ಶನ ಕೊಟ್ಟು, ಇದ್ದಬದ್ದ ಜೀವವನ್ನು ಸುಟ್ಟುಕೊಂಡಿತ್ತು. ನಾಳೆ ಬಿಸಿಲು ಕುಡಿದು ಮತ್ತೆ ಉರಿಯುತ್ತದೆ. ಆದರೆ ಅದನ್ನು ಯಾರಿಗೆ ಹೇಳುವುದು? ಬಸ್ಸಿನ ಹಾರನ್ನು ಕೇಳಿಸಿತು.

“ನಡಿಯವ್ವ, ಹೋಗಾಣ,” ಎಂದು ಚಿತ್ತಪ್ಪ ಎದ್ದ. “ಮಧ್ಯಾಹ್ನ ಹತ್ತಿ ಸಂಜೆ ಆರೋ ದೀಪ ಇಲ್ಲಿಗಂಟ ನಾನು ನೋಡಿದ್ದಿಲ್ಲ. ಮೋಟ್ರೂ ಉಲ್ಟಾ, ದೀಪಾನೂ ಉಲ್ಟಾ.”

ಎದುರಿನಿಂದ ಬಸ್ಸಿನ ಬೆಳಕು ಹೊಸ ಕಣ್ಣಿಗೆ ಹೊಡೆಯಿತು. ಚಿತ್ತಪ್ಪ ಎರಡು ಹೆಜ್ಜೆ ಪಕ್ಕಕ್ಕೆ ಸರಿದ. ಮಾರಪ್ಪನ ಅರ್ಥಿಂಗ್ ಗುಂಡಿ ಅಲ್ಲೇ ಇತ್ತು; ಉಪ್ಪು ನೀರು ಕುಡಿದು, ಮೆತ್ತಗಾಗಿ, ಮಧ್ಯಾಹ್ನದಿಂದ ಅವನಿಗಾಗಿಯೇ ಕಾದಂತಿತ್ತು. ಸೊಂಟದವರೆಗೆ ಇಳಿದ. ನಾಲ್ಕು ಜನ ಹಿಡಿದೆಳೆಯುವಷ್ಟರಲ್ಲಿ ಬಸ್ಸು ಹೋಗಿತ್ತು. ಅದೇ ಕೊನೆಯ ಬಸ್ಸು.

ಹೀಗಾಗಿ ಆ ರಾತ್ರಿ ಚಿತ್ತಪ್ಪ ಉಳಿಯಬೇಕಾದದ್ದು ಗಿರೀಶನ ಮನೆಯಲ್ಲಿ. ಪಾಲಮ್ಮ ಎಲೆ ಅಡಿಕೆಯ ತಟ್ಟೆಯನ್ನು ಒಳಗಿಟ್ಟು, ಬಿಸಿನೀರು ಕಾಯಿಸಿ ಅವನ ಕಾಲಿಗೆ ಹೊಯ್ದಳು. ಮಾಗಿಯ ಚಳಿಗೆ ನಡುಗುತ್ತಿದ್ದವನಿಗೆ ಜುಂಜಯ್ಯ ತನ್ನ ಕಂಬಳಿ ಹೊದಿಸಿ, ಒಲೆಯ ಹತ್ತಿರ ಜಾಗ ಬಿಟ್ಟ. ಸ್ವಲ್ಪ ಬೆಚ್ಚಗಾದ ಮೇಲೆ ಚಿತ್ತಪ್ಪ ಮೊದಲು ಆಡಿದ ಮಾತು, ಹೊಳಲ್ಕೆರೆಗೆ ಫೋನ್ ಹಚ್ಚಿಕೊಡು ಎಂದು.

“ನನ್ನ ಫೋನಿನಾಗೆ ಚಾರ್ಜಿಲ್ಲಪ್ಪ,” ಎಂದಳು ರಂಜಿತಾ. ಅವನನ್ನು ಗುಂಡಿಯಿಂದ ಮನೆಯವರೆಗೆ ಕರೆತಂದದ್ದು ಅದೇ ಫೋನಿನ ಟಾರ್ಚು.

“ಅದಕ್ಕೂ ಇವನೇ ಕೈ ಹಾಕಿದ್ನೇನು?” ಎಂದ ಚಿತ್ತಪ್ಪ.

ಅಷ್ಟರಲ್ಲಿ ಗಿರೀಶನ ಫೋನು ಬಡಿದುಕೊಂಡಿತು. ಹಿರಿಯೂರಿನಿಂದ ನಾಗರಾಜಪ್ಪನವರು. ಅವ್ವನ ದೀಪ ಹೇಗಿದೆ ಎಂದು ಕೇಳಿದರು. ಕಂಬ ನಿಂತಿದೆ ಅಣ್ಣಾರೆ ಎಂದ ಗಿರೀಶ. ಮುಂದಿನ ಮಾತಿಗೆ ಅವರು ಕಾಯಲಿಲ್ಲ. ದರ್ಶನದ ಸುದ್ದಿ ನೆಂಟರಲ್ಲೆಲ್ಲ ಹರಡಿತ್ತು. ಹೊಸದುರ್ಗದ ಅವರ ಬೀಗರು ತಮ್ಮ ತಂದೆಯ ಹೆಸರಿಗೂ ಅಂಥದೇ ದೀಪ ಬೇಕೆಂದು ಹಟ ಹಿಡಿದಿದ್ದರು. ಬರುವ ಭಾನುವಾರವೇ ನಿಶ್ಚಯವಾಗಿತ್ತು. ಅದೇ ಅಭಿಜಿನ್ ಲಗ್ನ, ಅದೇ ಅಡುಗೆಯವರು, ಅದೇ ಗಿರೀಶ. ಅವರ ದೊಡ್ಡ ದನಿ ಫೋನಿನಿಂದ ಹೊರಗೆ ಬಿದ್ದು ಮನೆಯಲ್ಲೆಲ್ಲ ಕೇಳಿಸುತ್ತಿತ್ತು.

“ಬ್ಯಾರೆ ಏನು ಮರೆತ್ರೂ ನಡೀತೈತೆ. ಕಂಬಳಿ ಮಾತ್ರ ಮರೀಬ್ಯಾಡ ಕಣಪ್ಪ.”

ಗಿರೀಶ ಕಂಬಳಿಯ ಕಡೆ ನೋಡಿದ. ಅದರೊಳಗೆ ಚಿತ್ತಪ್ಪನ ಮುಖ, ಯಾವ ಚಾರ್ಜಿನ ಹಂಗೂ ಇಲ್ಲದೆ, ಧಗಧಗ ಉರಿಯುತ್ತಿತ್ತು.